ಆಯಿಲ್ ಕುಡಿದ ಮಣ್ಣನ್ನ ಸಗಣಿ, ಹೊಟ್ಟು, ತರಗು ಹಾಕಿ ಸರಿ ಮಾಡೋದು ಹೇಗೆ: ಸಮಗ್ರ ಮಾರ್ಗದರ್ಶಿ

ಟ್ರ್ಯಾಕ್ಟರ್ ನಿಲ್ಲಿಸೋ ಶೆಡ್ಡು, ಜನರೇಟರ್ ಇಟ್ಟಿರೋ ಮೂಲೆ, ಗ್ಯಾರೇಜಿನ ಮುಂದಿನ ಜಾಗ, ಸೆಂಟ್ರಿಂಗ್ ಶೀಟಿಗೆ ಕರಿ ಆಯಿಲ್ ಬಳಿಯೋ ಕಡೆ, ಹಳೇ ಡೀಸೆಲ್ ಪಂಪ್‌ಸೆಟ್ ಇದ್ದ ಬಾವಿ ಕಟ್ಟೆ, ಇಲ್ಲೆಲ್ಲಾ ನೆಲ ನೋಡಿ, ಒಂದು ಕಪ್ಪು ಪಟ್ಟೆ ಇದ್ದೇ ಇರತ್ತೆ. ಅಲ್ಲಿ ಗರಿಕೆ ಕೂಡ ಹುಟ್ಟಲ್ಲ. ನೀರು ಹಾಕಿದ್ರೆ ಇಂಗಲ್ಲ, ಗುಂಡುಗುಂಡಾಗಿ ಮೇಲೇ ನಿಂತ್ಕೊಳತ್ತೆ, ಮಳೆ ಬಂದ್ರೆ ಹರಿದು ಹೋಗೋ ನೀರಿನ ಮೇಲೆ ಬಣ್ಣಬಣ್ಣದ ಪೊರೆ. ಸಾಮಾನ್ಯವಾಗಿ ಜನ ಏನ್ ಮಾಡ್ತಾರೆ ಅಂದ್ರೆ ಒಂದು ಲೋಡ್ ಕೆಂಪು ಮಣ್ಣು ಹೊಡಿಸಿ ಮುಚ್ಚಿಬಿಡ್ತಾರೆ, ಇಲ್ಲಾಂದ್ರೆ ಬಗೆದು ತಗೊಂಡೋಗಿ ಕೆರೆ ಏರಿ ಪಕ್ಕ ಸುರಿದು ಬರ್ತಾರೆ. ಎರಡೂ ಬೇಡ. ಸಗಣಿ, ಕಡ್ಲೆಕಾಯಿ ಸಿಪ್ಪೆ, ಕೋಳಿ ಗೊಬ್ಬರ, ಅಣಬೆ ಬೆಳೆದು ಬಿಸಾಕೋ ಹುಲ್ಲು ಇಂಥವನ್ನೇ ಇಟ್ಕೊಂಡು ಆ ಮಣ್ಣನ್ನ ಬಹಳ ಮಟ್ಟಿಗೆ ಸರಿ ಮಾಡಬಹುದು. ಆದ್ರೆ ಗೊಬ್ಬರ ಸುರಿದು ಕಲಸಿಬಿಟ್ರೆ ಆಯಿಲ್ ಹೋಗತ್ತೆ ಅನ್ಕೋಬೇಡಿ, ಅದಕ್ಕೊಂದು ಲೆಕ್ಕ ಇದೆ, ಆ ಲೆಕ್ಕಾನೇ ಇಲ್ಲಿ ಸ್ವಲ್ಪ ಉದ್ದಕ್ಕೆ ಹೇಳ್ತೀನಿ.

ಒಳಗೆ ನಡೆಯೋದೇನು

ಡೀಸೆಲ್ಲು, ಎಂಜಿನ್ ಆಯಿಲ್ಲು ಎಲ್ಲಾ ಹೈಡ್ರೋಕಾರ್ಬನ್ನು, ಹೆಚ್ಚುಕಮ್ಮಿ ಬರೀ ಇಂಗಾಲ ಮತ್ತೆ ಜಲಜನಕ. ಇದನ್ನ ತಿನ್ನೋ ಬ್ಯಾಕ್ಟೀರಿಯಾ, ಶಿಲೀಂಧ್ರ ನಮ್ಮ ಮಣ್ಣಲ್ಲಿ ಮೊದಲೇ ಇರ್ತವೆ. ಸ್ಯೂಡೊಮೊನಾಸ್, ರೋಡೋಕಾಕಸ್, ಅಸಿನೆಟೊಬ್ಯಾಕ್ಟರ್ ಅಂತ ಹೆಸರುಗಳು, ಹೆಸರು ನೆನಪಿಟ್ಕೊಳೋದೇನೂ ಬೇಕಾಗಿಲ್ಲ. ವರ್ಷಗಟ್ಲೆ ಆಯಿಲ್ ತೊಟ್ಟಿಕ್ಕಿರೋ ಜಾಗದಲ್ಲಂತೂ ಅಂಥವೇ ಜಾಸ್ತಿ ಆಗಿರ್ತವೆ, ಯಾಕಂದ್ರೆ ಬೇರೆಯವು ಅಲ್ಲಿ ಬದುಕೋದು ಕಷ್ಟ. ಹಾಗಾದ್ರೆ ಅವು ಯಾಕೆ ಇಷ್ಟು ವರ್ಷ ಆ ಆಯಿಲ್ ತಿಂದು ಮುಗಿಸಿಲ್ಲ? ಊಟಕ್ಕೆ ಕೂರಿಸಿ ಎಲೆ ತುಂಬ ಅನ್ನ ಸುರಿದು ಸಾರೂ ಇಲ್ಲ ಪಲ್ಯಾನೂ ಇಲ್ಲ ಅಂದ್ರೆ ಎಷ್ಟು ತುತ್ತು ಇಳಿಯತ್ತೆ ಹೇಳಿ. ಇಂಗಾಲ ರಾಶಿ ಬಿದ್ದಿದೆ, ಆದ್ರೆ ಮೈ ಕಟ್ಕೊಳೋಕೆ ಬೇಕಾದ ಸಾರಜನಕ ಇಲ್ಲ, ರಂಜಕ ಇಲ್ಲ, ಮಣ್ಣು ಮೆತ್ಕೊಂಡು ಗಟ್ಟಿಯಾಗಿರೋದ್ರಿಂದ ಗಾಳಿನೂ ಇಲ್ಲ, ಆಯಿಲ್ ನೀರನ್ನ ದೂರ ತಳ್ಳೋದ್ರಿಂದ ತೇವಾನೂ ಇಲ್ಲ.

1989ರಲ್ಲಿ ಅಲಾಸ್ಕಾದಲ್ಲಿ ಎಕ್ಸಾನ್ ವಾಲ್ಡೀಸ್ ಹಡಗಿನಿಂದ ಕಚ್ಚಾ ತೈಲ ಸೋರಿ ದಡ ಎಲ್ಲಾ ಕಪ್ಪಾದಾಗ ಕೂಡ ಅಲ್ಲಿನ ಕಲ್ಲು ದಡಗಳ ಮೇಲೆ ಸಾರಜನಕ, ರಂಜಕದ ಗೊಬ್ಬರ ಹಾಕಿ ಅಲ್ಲೇ ಇದ್ದ ಸೂಕ್ಷ್ಮಜೀವಿಗಳನ್ನ ಚುರುಕು ಮಾಡಿದ್ರು. ನಾವು ಮಾಡೋದೂ ಅದೇ ಕೆಲಸ, ಚೀಲದ ಗೊಬ್ಬರದ ಜೊತೆ ಸಗಣಿ, ಹೊಟ್ಟು ಸೇರಿಸ್ಕೊಂಡು. ಸಾವಯವ ಕಸದಿಂದ ಮೂರು ಲಾಭ: ಸಾರಜನಕ, ರಂಜಕ ನಿಧಾನಕ್ಕೆ ಸಿಗತ್ತೆ, ಮಣ್ಣು ಸಡಿಲ ಆಗಿ ಗಾಳಿ ಆಡತ್ತೆ, ತೇವ ಹಿಡಿದಿಡತ್ತೆ. ಹೊಸ ಸೂಕ್ಷ್ಮಜೀವಿಗಳು ಬರೋದು ಬೋನಸ್ ಅಷ್ಟೇ.

ಇದು ಎಲ್ಲಿ ಬೇಡ

ಪೆಟ್ರೋಲ್ ಚೆಲ್ಲಿರೋ ಜಾಗಕ್ಕೆ ಈ ವಿಧಾನ ತರಬೇಡಿ. ಅದು ಹಬೆಯಾಗಿ ಹೋಗತ್ತೆ, ಬೆಂಕಿ ಭಯ, ಜೊತೆಗೆ ಬೆಂಜೀನ್ ಅನ್ನೋ ಕ್ಯಾನ್ಸರ್ ಕಾರಕ ಇರತ್ತೆ, ಗುದ್ದಲಿ ಹಿಡ್ಕೊಂಡು ಅದರ ಮೇಲೆ ಬಗ್ಗೋದು ಸರಿಯಲ್ಲ. ಹಳೇ ಟ್ರಾನ್ಸ್‌ಫಾರ್ಮರ್ ಆಯಿಲ್ ಕೂಡ ಬೇಡ, ಅದರಲ್ಲಿ ಪಿಸಿಬಿ ಅನ್ನೋ ವಿಷ ಇರೋ ಸಾಧ್ಯತೆ ಇದೆ, ಅದನ್ನ ಸಗಣಿ ಏನೂ ಮಾಡಲ್ಲ. ಬ್ಯಾಟರಿ ಆಸಿಡ್, ಪೇಂಟ್, ಥಿನ್ನರ್ ಎಲ್ಲಾ ಬೆರೆತಿರೋ ಗುಜರಿ ಅಂಗಳಾನೂ ಬಿಟ್ಬಿಡಿ. ಟ್ಯಾಂಕರ್ ಮಗುಚಿ ಸಾವಿರಾರು ಲೀಟರ್ ಹೋಗಿದ್ರೆ, ಅಥವಾ ಬಾವಿ, ಬೋರ್‌ವೆಲ್ ನೀರಲ್ಲಿ ವಾಸನೆ ಬರ್ತಾ ಇದ್ರೆ ನೇರ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ತಿಳಿಸಿ, ಅದು ಮನೆಮಟ್ಟದ ಕೆಲಸ ಅಲ್ಲ.

ಇನ್ನೊಂದು ವಿಷಯ, ಬಳಸಿ ತೆಗೆದ ಎಂಜಿನ್ ಆಯಿಲ್ ನಮ್ಮ ದೇಶದ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಅಪಾಯಕಾರಿ ತ್ಯಾಜ್ಯ. ನೀವು ಗ್ಯಾರೇಜ್ ಅಥವಾ ವರ್ಕ್‌ಶಾಪ್ ನಡೆಸ್ತಾ ಇದ್ರೆ ಆ ಮಣ್ಣಿಗೆ ಕೈ ಹಾಕೋಕೆ ಮುಂಚೆ ಮಂಡಳಿಯವರನ್ನ ಒಂದ್ಸಲ ಕೇಳ್ಕೊಳಿ. ಮನೆ, ತೋಟದಲ್ಲಿ ಡೀಸೆಲ್, ಹೈಡ್ರಾಲಿಕ್ ಆಯಿಲ್, ಎಂಜಿನ್ ಆಯಿಲ್ ತೊಟ್ಟಿಕ್ಕಿ ಆಗಿರೋ ಒಂದೆರಡು ಟ್ರ್ಯಾಕ್ಟರ್ ಟ್ರೈಲರ್‌ನಷ್ಟು ಮಣ್ಣು, ಈ ಮಾರ್ಗದರ್ಶಿ ಅಷ್ಟರ ಮಟ್ಟದ್ದು.

ಹಂತ 1: ಸೋರೋದನ್ನ ನಿಲ್ಸಿ, ನಿಂತಿರೋ ಆಯಿಲ್ ಎತ್ತಿ

ಕೇಳೋಕೆ ಪೆದ್ದು ಮಾತು ಅನ್ಸತ್ತೆ, ಆದ್ರೆ ಗೇರ್‌ಬಾಕ್ಸ್ ಸೀಲ್ ಹೋಗಿರೋ ಟ್ರ್ಯಾಕ್ಟರ್ ಅಲ್ಲೇ ನಿಲ್ಲಿಸ್ಕೊಂಡು ಮಣ್ಣು ಕ್ಲೀನ್ ಮಾಡ್ತೀನಿ ಅನ್ನೋರು ಇದಾರೆ. ಮೇಲೆ ಆಯಿಲ್ ಮಡುಗಟ್ಟಿ ನಿಂತಿದ್ರೆ ಮರದ ಹೊಟ್ಟು ಅಥವಾ ತೆಂಗಿನ ನಾರಿನ ಪುಡಿ ಉದುರಿಸಿ, ಹೀರ್ಕೊಂಡ ಮೇಲೆ ಬಾಂಡ್ಲಿಗೆ ಎತ್ತಿ. ಈ ಹೀರಿದ ಹೊಟ್ಟನ್ನ ನಮ್ಮ ರಾಶಿಗೆ ಸೇರಿಸಬೇಡಿ, ಒಲೆಗೂ ಹಾಕಬೇಡಿ, ಡ್ರಮ್ಮಿಗೆ ತುಂಬಿ ಮುಚ್ಚಿಟ್ಟು ಮಂಡಳಿಯ ಪರವಾನಗಿ ಇರೋ ವಿಲೇವಾರಿ ಘಟಕದವರಿಗೆ ಕೊಡಿ. ದ್ರವವಾಗಿ ಸಿಕ್ಕ ಹಳೇ ಆಯಿಲ್ ಬೇರೆ ಕ್ಯಾನಿಗೆ, ಅದನ್ನ ತಗೊಳೋಕೆ ಪರವಾನಗಿ ಇರೋ ರೀಸೈಕ್ಲಿಂಗ್‌ನವರು ಇರ್ತಾರೆ. ಮಣ್ಣಲ್ಲಿ ಆಯಿಲ್ ತೂಕದಲ್ಲಿ ಶೇಕಡ 5ಕ್ಕಿಂತ ಜಾಸ್ತಿ ಇದ್ರೆ ಸೂಕ್ಷ್ಮಜೀವಿಗಳಿಗೆ ಅದೇ ವಿಷ ಆಗತ್ತೆ, ಅದಕ್ಕೇ ಎತ್ತೋಕೆ ಸಿಗೋದನ್ನ ಮೊದಲು ಎತ್ತೋದು.

ಹಂತ 2: ಎಷ್ಟು ಆಳ, ಎಷ್ಟು ಮಣ್ಣು, ಎಷ್ಟು ಆಯಿಲ್

ಹಾರೆ ತಗೊಂಡು ಪಟ್ಟೆಯ ನಡುವೆ ಒಂದು ಗುಂಡಿ, ಅಂಚಲ್ಲಿ ಎರಡು ಗುಂಡಿ ತೆಗೀರಿ. ಬಣ್ಣ, ವಾಸನೆ ಎಲ್ಲಿವರೆಗೆ ಇಳಿದಿದೆ ಅಂತ ಗೊತ್ತಾಗತ್ತೆ. ಮರಳು ಮಿಶ್ರಿತ ಕೆಂಪು ಮಣ್ಣಲ್ಲಿ ಆಳಕ್ಕೆ ಹೋಗಿರತ್ತೆ, ಎರೆ ಮಣ್ಣಲ್ಲಿ ಮೇಲೇ ಹಿಡ್ಕೊಂಡಿರತ್ತೆ ಆದ್ರೆ ಬೇಸಿಗೆಯಲ್ಲಿ ಬಿರುಕು ಬಿಟ್ಟ ಕಡೆ ನೇರ ಕೆಳಗೆ ಇಳಿದಿರಬಹುದು, ಆ ಬಿರುಕುಗಳನ್ನ ಹುಡುಕಿ ನೋಡಿ.

ಉದಾಹರಣೆಗೆ 10 ಅಡಿ ಉದ್ದ, 7 ಅಡಿ ಅಗಲ, 1 ಅಡಿ ಆಳ ಅಂದ್ರೆ 70 ಘನ ಅಡಿ. ಒಂದು ಘನ ಅಡಿ ಮಣ್ಣು ಸುಮಾರು 40 ಕೆಜಿ ತೂಗತ್ತೆ, ಒಟ್ಟು 2800 ಕೆಜಿ. ಇದೇ ಲೆಕ್ಕವನ್ನ ಮುಂದೆ ಪೂರ್ತಿ ತಗೊಂಡು ಹೋಗ್ತೀನಿ, ನಿಮ್ಮ ಜಾಗಕ್ಕೆ ತಕ್ಕಂತೆ ಹೆಚ್ಚುಕಮ್ಮಿ ಮಾಡ್ಕೊಳಿ.

ಆಯಿಲ್ ಎಷ್ಟಿದೆ ಅಂತ ಕರೆಕ್ಟಾಗಿ ಹೇಳೋದು ಲ್ಯಾಬ್ ಮಾತ್ರ. ಟಿಪಿಎಚ್ ಟೆಸ್ಟ್ ಅಂತ ಕೇಳಿ, ಮಣ್ಣಲ್ಲಿರೋ ಒಟ್ಟು ಪೆಟ್ರೋಲಿಯಂ ಹೈಡ್ರೋಕಾರ್ಬನ್ ಅಳೆಯೋ ಟೆಸ್ಟ್ ಅದು, ರಿಪೋರ್ಟಲ್ಲಿ ಕೆಜಿಗೆ ಇಷ್ಟು ಮಿಲಿಗ್ರಾಂ ಅಂತ ಬರತ್ತೆ, 20,000 ಅಂದ್ರೆ ಶೇಕಡ 2, 50,000 ಅಂದ್ರೆ ಶೇಕಡ 5. ಸ್ಯಾಂಪಲ್ ಕೊಡೋವಾಗ ಒಂದೇ ಜಾಗದ ಮಣ್ಣು ಕೊಡಬೇಡಿ, ಎಂಟತ್ತು ಕಡೆಯಿಂದ ಮುಷ್ಟಿ ಮುಷ್ಟಿ ತೆಗೆದು ಕಲಸಿ ಗಾಜಿನ ಬಾಟಲಲ್ಲಿ ಕೊಡಿ, ಪ್ಲಾಸ್ಟಿಕ್ ಬೇಡ. ಹಳೇ ಎಂಜಿನ್ ಆಯಿಲ್ ಬಿದ್ದ ಜಾಗ ಆದ್ರೆ ಸೀಸ, ಸತುವಿನ ಟೆಸ್ಟೂ ಮಾಡ್ಸಿ. ಸತು ಆಯಿಲ್ಲಿನ ಅಡಿಟಿವ್‌ನಿಂದಲೇ ಬರತ್ತೆ, ಸೀಸ ಹಳೇ ಗ್ಯಾರೇಜುಗಳಲ್ಲಿ ಇರಬಹುದು, ಯಾಕಂದ್ರೆ 2000ದ ತನಕ ನಮ್ಮ ದೇಶದ ಪೆಟ್ರೋಲಲ್ಲೇ ಸೀಸ ಇತ್ತು. ಲೋಹ ಯಾವ ಸೂಕ್ಷ್ಮಜೀವಿಗೂ ಕರಗಲ್ಲ. ಎಷ್ಟು ವರ್ಷ ಗೊಬ್ಬರ ಹಾಕಿದ್ರೂ ಅದು ಅಲ್ಲೇ.

ಹಂತ 3: ಜಾಗ ಮತ್ತೆ ಕಾಲ

ದೀಪಾವಳಿ ಕಳೆದು ಮಳೆ ನಿಂತ ಮೇಲೆ ಶುರು ಮಾಡಿ. ಯುಗಾದಿ ಹೊತ್ತಿಗೆ ನಾಲ್ಕು ತಿಂಗಳ ಮೇಲೆ ಸಿಗತ್ತೆ, ಡೀಸೆಲ್ಲಿಗೆ ಸಾಮಾನ್ಯವಾಗಿ ಅಷ್ಟು ಸಾಕು. ಈ ಜೀವಿಗಳಿಗೆ 25ರಿಂದ 40 ಡಿಗ್ರಿ ಹಿತ. ಹಿಮ ಬೀಳೋ ದೇಶದೋರು ಇದಕ್ಕೆ ಹೀಟರ್ ಇಡ್ತಾರೆ, ನಮಗೆ ಆ ಖರ್ಚು ಮಿಕ್ಕಿತು.

ಆಯಿಲ್ ಮಣ್ಣನ್ನ ಅಗೆದು ತಂದು ರಾಶಿ ಹಾಕೋಕೆ ಬಾವಿ, ಕಾಲುವೆ, ಚರಂಡಿಯಿಂದ ದೂರ, ಸ್ವಲ್ಪ ಎತ್ತರದ ಜಾಗ ನೋಡಿ. ಕೆಳಗೆ ಸಿಲ್ಪಾಲಿನ್ ಶೀಟ್ ಹಾಸಿ, ಎರೆಗೊಬ್ಬರದ ತೊಟ್ಟಿಗೆ ಬಳಸ್ತಾರಲ್ಲ ಅದೇ ದಪ್ಪದ್ದು ಸಾಕು. ಅದರ ಮೇಲೆ ಒಂದೆರಡು ಇಂಚು ಒಳ್ಳೆ ಮಣ್ಣು ಹರಡಿ, ಇಲ್ಲಾಂದ್ರೆ ಸಲಿಕೆ ತಗಲಿ ಮೊದಲ ವಾರವೇ ಹರಿಯತ್ತೆ. ಸುತ್ತ ಅರ್ಧ ಅಡಿ ಬದು ಕಟ್ಟಿ ಶೀಟಿನ ಅಂಚನ್ನ ಅದರ ಮೇಲೆ ಮಡಚಿ. ಮೇಲೆ ಹೊದಿಸೋಕೆ ಟಾರ್ಪಾಲ್ ಬೇಕು, ಅಕಾಲದ ಮಳೆ ಬಂದ್ರೆ ಬರೀ ಬದು ತಡೆಯಲ್ಲ.

ಕೈಗೆ ರಬ್ಬರ್ ಗ್ಲೌಸ್, ಕಾಲಿಗೆ ಗಮ್ ಬೂಟ್, ಮೂಗಿಗೆ ಮಾಸ್ಕ್. ಬೀಡಿ ಸಿಗರೇಟ್ ಹತ್ತಿರವೂ ಬೇಡ. ಕೋಳಿ, ನಾಯಿ ಬರದ ಹಾಗೆ ಬೇಲಿ ಕಟ್ಟಿ, ಕೋಳಿಗಳಿಗೆ ರಾಶಿ ಕಂಡ್ರೆ ಕೆದರದೆ ಇರೋಕೆ ಆಗಲ್ಲ, ಆಮೇಲೆ ಅದೇ ಕೋಳಿ ಮೊಟ್ಟೆ ನೀವೇ ತಿನ್ನೋದು.

ಹಂತ 4: ಯಾವ ಕಸ, ಎಷ್ಟು

ನಿಜವಾದ ಕೈಚಳಕ ಇರೋದು ಇಲ್ಲೇ, ಸ್ವಲ್ಪ ನಿಧಾನಕ್ಕೆ ಓದಿ. ಕಸದಲ್ಲಿ ಎರಡು ಜಾತಿ. ಒಂದು ಸಾರಜನಕ ಕೊಡೋದು, ಇನ್ನೊಂದು ಮಣ್ಣು ಸಡಿಲ ಮಾಡೋದು. ಎರಡೂ ಬೇಕು, ಒಂದು ಇನ್ನೊಂದರ ಕೆಲಸ ಮಾಡಲ್ಲ.

ಸಾರಜನಕದ ಕಡೆ ಮೊದಲ ಹೆಸರು ಸಗಣಿ. ಹಸಿ ಸಗಣಿಯಲ್ಲಿ ಸಾರಜನಕ ಬಹಳ ಕಮ್ಮಿ, ಶೇಕಡ 0.4ರ ಆಸುಪಾಸು, ಆದ್ರೆ ಸಿಗೋದು ಸುಲಭ, ಸೂಕ್ಷ್ಮಜೀವಿ ತುಂಬಿರತ್ತೆ, ಬಗ್ಗಡ ಮಾಡಿ ಸುರಿದ್ರೆ ನೀರು ಒಲ್ಲೆ ಅನ್ನೋ ಮಣ್ಣೂ ನೆನೆಯತ್ತೆ. ಗೋಬರ್ ಗ್ಯಾಸ್ ಸ್ಲರಿ ಸಿಕ್ಕಿದ್ರೆ ಇನ್ನೂ ವಾಸಿ, ಅದರಲ್ಲಿ ಸಾರಜನಕ ತಕ್ಷಣ ಸಿಗೋ ರೂಪದಲ್ಲಿ ಇರತ್ತೆ. ಕೋಳಿ ಗೊಬ್ಬರ ಖಾರ, ಒಣಗಿದ್ದರಲ್ಲಿ ಶೇಕಡ 2ರಿಂದ 3ರಷ್ಟು ಸಾರಜನಕ, ಜೊತೆಗೆ ರಂಜಕಾನೂ ಚೆನ್ನಾಗಿ ಇರತ್ತೆ. ಆದ್ರೆ ಕೈ ಜೋರಾದ್ರೆ ಅಮೋನಿಯಾ ಎದ್ದು ಕಣ್ಣುರಿ ಬರತ್ತೆ, ಜೀವಿಗಳೂ ಸಾಯ್ತವೆ. ಮಂಡ್ಯ, ಬೆಳಗಾವಿ ಕಡೆಯೋರಿಗೆ ಸಕ್ಕರೆ ಫ್ಯಾಕ್ಟರಿಯ ಪ್ರೆಸ್‌ಮಡ್, ಅಂದ್ರೆ ಕಬ್ಬಿನ ರಸ ಸೋಸಿ ಉಳಿಯೋ ಮಡ್ಡಿ ಸಿಗತ್ತೆ, ಹಳೇದು, ತಣ್ಣಗಾಗಿರೋದು ತಗೊಳಿ. ಬೆಂಗಳೂರಿನ ಸುತ್ತ ಇರೋರಿಗೆ ಬಿಯರ್ ಮಾಡಿ ಉಳಿಯೋ ಬಾರ್ಲಿ ಚರಟ, ಹಸುಗಳಿಗೆ ಹಾಕ್ತಾರಲ್ಲ ಅದು, ಒಳ್ಳೆ ಮಾಲು.

ಈ ಬಾರ್ಲಿ ಚರಟದ ಬಗ್ಗೆ ಒಂದು ಗಟ್ಟಿ ಲೆಕ್ಕ ಇದೆ. ಮಲೇಷ್ಯಾದ ಮಲಯಾ ಯೂನಿವರ್ಸಿಟಿಯವರು ಬಳಸಿದ ಎಂಜಿನ್ ಆಯಿಲ್ ಬೆರೆಸಿದ ಮಣ್ಣಿಗೆ ಬಾಳೆಹಣ್ಣಿನ ಸಿಪ್ಪೆ, ಅಣಬೆ ಬೆಳೆದು ಉಳಿದ ಗೊಬ್ಬರ, ಬಾರ್ಲಿ ಚರಟ ಇವನ್ನ ಬೇರೆ ಬೇರೆಯಾಗಿ ಶೇಕಡ 10ರಷ್ಟು ಸೇರಿಸಿ 84 ದಿನ ನೋಡಿದ್ರು, 2012ರಲ್ಲಿ ಪ್ರಕಟ ಆಯ್ತು. ಶೇಕಡ 5 ಆಯಿಲ್ ಇದ್ದ ಮಣ್ಣಲ್ಲಿ ಬಾರ್ಲಿ ಚರಟ ಹಾಕಿದ್ದು ಎಲ್ಲಕ್ಕಿಂತ ಮೇಲೆ ಬಂತು, ಶೇಕಡ 92 ಆಯಿಲ್ ಹೋಯ್ತು. ಅದೇ ಚರಟ, ಅದೇ 84 ದಿನ, ಆಯಿಲ್ ಮಾತ್ರ ಶೇಕಡ 15 ಇದ್ದಾಗ ಹೋಗಿದ್ದು ಬರೀ 55. ಮೊದಲ ಹಂತದಲ್ಲಿ ನಿಂತಿರೋ ಆಯಿಲ್ ಎತ್ತಿ ಅಂತ ಯಾಕೆ ಅಷ್ಟು ಹೇಳಿದ್ದು ಅಂತ ಈಗ ಗೊತ್ತಾಯ್ತಲ್ಲ. ಅದು ಲ್ಯಾಬಲ್ಲಿ ಚಿಕ್ಕ ಪಾತ್ರೆಗಳಲ್ಲಿ ಮಾಡಿದ್ದು, ನಮ್ಮ ರಾಶಿ ಅದಕ್ಕಿಂತ ನಿಧಾನ ಅಂತಾನೇ ಇಟ್ಕೊಳಿ.

ಸಡಿಲ ಮಾಡೋ ಕಡೆ ಕಡ್ಲೆಕಾಯಿ ಸಿಪ್ಪೆ ನನ್ನ ಮೊದಲ ಆಯ್ಕೆ, ಬೇಗ ಕುಗ್ಗಲ್ಲ, ಒಳಗೆ ಗಾಳಿ ನಿಲ್ಲತ್ತೆ. ಭತ್ತದ ಹೊಟ್ಟು, ಚೂರು ಮಾಡಿದ ಕಬ್ಬಿನ ತರಗು, ಜೋಳದ ದಂಟು, ಕಾಫಿ ಹೊಟ್ಟು ಎಲ್ಲಾ ನಡೆಯತ್ತೆ. ಅಡಿಕೆ ಸಿಪ್ಪೆ ಕೊಳೆಯೋಕೆ ವರ್ಷ ತಗೊಳತ್ತೆ, ಇಲ್ಲಿ ಅದೇ ಅನುಕೂಲ, ಕತ್ತರಿಸಿ ಹಾಕಿ. ತೆಂಗಿನ ನಾರಿನ ಪುಡಿ ನೀರು ಹಿಡಿಯೋಕೆ ಸರಿ, ಆದ್ರೆ ಜಾಸ್ತಿ ಆದ್ರೆ ಆಯಿಲ್ಲನ್ನೂ ಹಿಡಿದಿಟ್ಕೊಂಡು ಜೀವಿಗಳ ಕೈಗೆ ಕೊಡಲ್ಲ, ಒಂದು ಚೀಲದ ಮೇಲೆ ಹೋಗಬೇಡಿ. ಮರದ ಹೊಟ್ಟು ರಾಶಿಗೆ ಬೇಡ, ಕೊಳೆಯೋವಾಗ ಅದೇ ಮಣ್ಣಿನ ಸಾರಜನಕ ಎಳ್ಕೊಳತ್ತೆ.

ಅಡುಗೆಮನೆ ಕಸ ಹಸಿಯಾಗಿ ಹಾಕಬೇಡಿ, ಉಪ್ಪು, ಒಗ್ಗರಣೆ ಎಣ್ಣೆ ಎಲ್ಲಾ ಇರತ್ತೆ, ಇಲಿ ಹೆಗ್ಗಣಾನೂ ಬರ್ತವೆ. ಬೇವಿನ ಹಿಂಡಿ ಬೇಡ, ಸೂಕ್ಷ್ಮಜೀವಿಗಳನ್ನ ಅದು ತಡೆಯತ್ತೆ. ಸಗಣಿ, ಗಂಜಲ, ಬೆಲ್ಲ ಎಲ್ಲಾ ಕಲಸಿ ಮಾಡೋ ಜೀವಾಮೃತ ಹಾಕಲಾ ಅಂತ ತುಂಬಾ ಜನ ಕೇಳ್ತಾರೆ. ಹಾಕಿದ್ರೆ ನಷ್ಟ ಏನಿಲ್ಲ, ಆದ್ರೆ ಬೆಲ್ಲ ಸಿಕ್ಕಿದ್ರೆ ಡೀಸೆಲ್ ಯಾರು ತಿಂತಾರೆ? ಸುಲಭದ ಊಟ ಜಾಸ್ತಿ ಆದಷ್ಟೂ ಆಯಿಲ್ ಕಡೆ ತಿರುಗೋದು ತಡ. ಸಗಣಿ ಬಗ್ಗಡಾನೇ ಸಾಕು.

ಪ್ಯಾಕೆಟ್ ಬ್ಯಾಕ್ಟೀರಿಯಾ ಬೇಕಾ? ದೆಹಲಿಯ ಟೆರಿ ಸಂಸ್ಥೆಯವರು ಆಯಿಲ್‌ಜ್ಯಾಪರ್ ಅಂತ ಒಂದು ಬ್ಯಾಕ್ಟೀರಿಯಾ ಮಿಶ್ರಣ ಮಾಡಿದಾರೆ, ತೈಲ ಬಾವಿ, ರಿಫೈನರಿಗಳ ಕೆಸರಿಗೆ ಅದು ಬಳಕೆಯಲ್ಲಿದೆ. ಅದನ್ನೂ ಅವರು ಜೋಳದ ದಿಂಡಿನ ಪುಡಿಗೆ ಸೇರಿಸೇ ಕೊಡೋದು. ಶೆಡ್ಡಿನ ಒಂದು ಪಟ್ಟೆ ಮಣ್ಣಿಗೆ ಇದೆಲ್ಲಾ ಬೇಕಿಲ್ಲ, ಆನ್‌ಲೈನಲ್ಲಿ ಸಿಗೋ ಹೆಸರಿಲ್ಲದ ಪುಡಿಗಳಿಗಂತೂ ದುಡ್ಡು ಹಾಕಬೇಡಿ.

ಹಂತ 5: ಲೆಕ್ಕ ಮತ್ತೆ ಕಲಸೋದು

ಸಾಮಾನ್ಯವಾಗಿ ಹೇಳೋ ಅಳತೆ ಇಂಗಾಲ 100, ಸಾರಜನಕ 10, ರಂಜಕ 1. ನಮ್ಮ 2800 ಕೆಜಿ ಮಣ್ಣಲ್ಲಿ ಶೇಕಡ 2 ಆಯಿಲ್ ಅಂದ್ರೆ 56 ಕೆಜಿ. ಅದರಲ್ಲಿ ಇಂಗಾಲ ಶೇಕಡ 85ರಷ್ಟು, ಹತ್ತಿರ ಹತ್ತಿರ 48 ಕೆಜಿ. ಅಂದ್ರೆ ಸಾರಜನಕ 4.8 ಕೆಜಿ, ರಂಜಕ ಅರ್ಧ ಕೆಜಿ ಬೇಕು.

280 ಕೆಜಿ ಹಸಿ ಸಗಣಿಯಿಂದ 1.1 ಕೆಜಿ ಸಾರಜನಕ, 60 ಕೆಜಿ ಒಣ ಕೋಳಿ ಗೊಬ್ಬರದಿಂದ 1.5 ಕೆಜಿ, ಒಟ್ಟು 2.6. ಉಳಿದ 2.2 ಕೆಜಿಗೆ ಯೂರಿಯಾ, ಅದರಲ್ಲಿ ಸಾರಜನಕ ಶೇಕಡ 46, ಹಾಗಾಗಿ 4.8 ಕೆಜಿ ಯೂರಿಯಾ. ಒಂದೇ ಸಲ ಹಾಕಬೇಡಿ, 1.2 ಕೆಜಿಯ ಹಾಗೆ ನಾಲ್ಕು ಸಲ, ಎರಡೆರಡು ವಾರ ಬಿಟ್ಟು ನೀರಲ್ಲಿ ಕರಗಿಸಿ. ಸಾವಯವ ಅಂತ ಹೇಳಿ ಯೂರಿಯಾ ಯಾಕೆ ಅಂತ ಮುಖ ಗಂಟಿಕ್ಕೋರು ಅದರ ಬದಲು ಸ್ಲರಿ, ಗಂಜಲ ಜಾಸ್ತಿ ಮಾಡಿ, ಇಲ್ಲಿ ನಾವೇನು ಬೆಳೆ ತೆಗೀತಾ ಇಲ್ಲ, ನನಗೆ ಯೂರಿಯಾ ಬಗ್ಗೆ ತಕರಾರಿಲ್ಲ. ರಂಜಕಕ್ಕೆ ಈ ಸಗಣಿ ಮತ್ತೆ ಕೋಳಿ ಗೊಬ್ಬರವೇ ಸಾಕಾಗತ್ತೆ, ಬೇರೆ ಏನೂ ಬೇಡ.

ಇದರ ಜೊತೆ ಆರೇಳು ಗೋಣಿಚೀಲ ಕಡ್ಲೆಕಾಯಿ ಸಿಪ್ಪೆ ಅಥವಾ ಹೊಟ್ಟು. ಎರೆ ಮಣ್ಣಾದ್ರೆ ಇನ್ನೂ ಮೂರು ಚೀಲ ಸೇರಿಸಿ. ಮಲೆನಾಡು, ಕರಾವಳಿಯ ಹುಳಿ ಮಣ್ಣಾದ್ರೆ ಮೊದಲು ಕೃಷಿ ಸುಣ್ಣ ಹಾಕಿ ಪಿಎಚ್ 6ರಿಂದ 8ರೊಳಗೆ ತನ್ನಿ.

ಮಣ್ಣಿನ ಹೆಂಟೆ ಪೂರ್ತಿ ಒಡೀಬೇಕು, ಇದನ್ನ ಎಷ್ಟು ಒತ್ತಿ ಹೇಳಿದ್ರೂ ಕಮ್ಮಿ. ಒಂದು ಹಿಡಿಗಾತ್ರದ ಹೆಂಟೆಯ ಹೊರಗಿನ ಪದರ ಮಾತ್ರ ಕ್ಲೀನ್ ಆಗತ್ತೆ, ಒಳಗೆ ಮೂರು ತಿಂಗಳಾದ್ರೂ ಡೀಸೆಲ್ ವಾಸನೆ ಹಾಗೇ ಇರತ್ತೆ. ಒಂದು ಪದರ ಮಣ್ಣು, ಮೇಲೆ ಹೊಟ್ಟು, ಮೇಲೆ ಕೋಳಿ ಗೊಬ್ಬರ, ಅದರ ಮೇಲೆ ಸಗಣಿ ಬಗ್ಗಡ, ಹೀಗೆ ಹಾಕ್ತಾ ಹೋಗಿ ಆಮೇಲೆ ಗಾರೆ ಕಲಸ್ತಾರಲ್ಲ ಹಾಗೆ ಒಂದು ಕಡೆಯಿಂದ ಮಗುಚ್ತಾ ಬನ್ನಿ. ಎರಡು ಸಲ ಮಗುಚಿದ್ರೆ ಬಣ್ಣ ಒಂದೇ ಸಮ ಬರತ್ತೆ. ಮಣ್ಣು ತೀರಾ ಒಣಗಿ ನೀರೇ ಹಿಡಿಯಲ್ಲ ಅಂದ್ರೆ ಅಂಟವಾಳ ಕಾಯಿ ನೆನೆಸಿ ಕಿವುಚಿದ ನೀರನ್ನ ಬಗ್ಗಡಕ್ಕೆ ಸ್ವಲ್ಪ ಸೇರಿಸಿ. ಬಟ್ಟೆ ಪೌಡರ್ ಬೇಡ, ಪಾತ್ರೆ ಲಿಕ್ವಿಡ್ಡೂ ಬೇಡ, ಆಯಿಲ್ ಕರಗಿ ಕೆಳಗೆ ಇಳಿಯತ್ತೆ.

ರಾಶಿ 6 ಅಡಿ ಅಗಲ, 3 ಅಡಿ ಎತ್ತರ, 10 ಅಡಿ ಉದ್ದ ಬರತ್ತೆ. ಅದಕ್ಕಿಂತ ಎತ್ತರ ಮಾಡಿದ್ರೆ ಭಾರಕ್ಕೆ ಕೆಳಗೆ ಮೆತ್ಕೊಳತ್ತೆ. ಎರಡು ಇಂಚಿನ ಪಿವಿಸಿ ಪೈಪಿಗೆ ತೂತು ಕೊರೆದು ರಾಶಿ ಅಡಿಯಲ್ಲಿ ಅಡ್ಡಕ್ಕೆ ಮೂರು ಕಡೆ ಇಟ್ರೆ ಗಾಳಿಗೆ ಸಹಾಯ, ಆದ್ರೆ ಮಗುಚೋ ದಿನ ಎಳೆದು ತೆಗೆದು ಮತ್ತೆ ಇಡಬೇಕು. ಜಾಗ ಧಾರಾಳ ಇದ್ರೆ ರಾಶಿ ಬೇಡ, ಶೀಟ್ ಮೇಲೆ ಒಂದಡಿ ದಪ್ಪ ಹರಡಿ ಕುಂಟೆ ಎಳೆದ್ರೂ ಆಗತ್ತೆ.

ಈಗಲೇ, ಕಲಸಿದ ದಿನವೇ, ಇನ್ನೊಂದು ಸ್ಯಾಂಪಲ್ ತೆಗೆದಿಡಿ. ಯಾಕಂದ್ರೆ 100 ಕೆಜಿ ಮಣ್ಣಲ್ಲಿ 2 ಕೆಜಿ ಆಯಿಲ್ ಇದ್ದು ನೀವು 50 ಕೆಜಿ ಕಸ ಸೇರಿಸಿದ್ರೆ ಶೇಕಡ 2 ಇದ್ದದ್ದು 1.33 ಆಯ್ತು. ಮೂರರಲ್ಲಿ ಒಂದು ಭಾಗ ಕಾಗದದ ಮೇಲೆ ಮಾಯ, ಆದ್ರೆ ಒಂದು ಗ್ರಾಂ ಕೂಡ ಯಾರೂ ತಿಂದಿಲ್ಲ. ನಮ್ಮ ಲೆಕ್ಕ ಶುರುವಾಗೋದು ಈ ಎರಡನೇ ಸ್ಯಾಂಪಲ್ಲಿಂದ. ಇಷ್ಟು ಕ್ಲೀನ್ ಮಾಡಿದ್ವಿ ಅಂತ ಯಾರಾದ್ರೂ ಹೇಳಿದ್ರೆ ಮೊದಲು ಕೇಳಬೇಕಾದ್ದು ಇದೇ, ಕಲಸೋಕೆ ಮುಂಚಿನ ಸ್ಯಾಂಪಲ್ ಇಟ್ಕೊಂಡು ಹೇಳ್ತಾ ಇದೀರಾ, ಕಲಸಿದ ಮೇಲಿನದಾ ಅಂತ.

ಹಂತ 6: ನೀರು, ಗಾಳಿ, ಮಗುಚೋದು

ಒಂದು ಕೆಜಿ ಹೈಡ್ರೋಕಾರ್ಬನ್ ಪೂರ್ತಿ ನೀರು ಮತ್ತೆ ಕಾರ್ಬನ್ ಡೈಆಕ್ಸೈಡ್ ಆಗಬೇಕಂದ್ರೆ ಸುಮಾರು 3.4 ಕೆಜಿ ಆಕ್ಸಿಜನ್ ಬೇಕು. ನಮ್ಮ 56 ಕೆಜಿಗೆ 190 ಕೆಜಿ ಆಕ್ಸಿಜನ್. ಅಷ್ಟು ಗಾಳಿ ತಾನಾಗೇ ಒಳಗೆ ನುಗ್ಗಲ್ಲ, ಅದಕ್ಕೇ ಮಗುಚೋದು. ಮೊದಲ ತಿಂಗಳು ವಾರಕ್ಕೊಂದು ಸಲ, ಆಮೇಲೆ ಹದಿನೈದು ದಿನಕ್ಕೊಂದು ಸಲ. ತಿಪ್ಪೆ ಮಾಡಿ ಮರೆತುಬಿಟ್ರೆ ಗೊಬ್ಬರ ಆಗತ್ತೆ, ಆದ್ರೆ ಆಯಿಲ್ ಇರೋ ರಾಶಿಗೆ ಆ ಸೋಮಾರಿತನ ನಡೆಯಲ್ಲ. ಗಾಳಿ ಇಲ್ಲದೆ ಆಯಿಲ್ ಕರಗೋದು ತೀರಾ ನಿಧಾನ.

ತೇವಕ್ಕೆ ಮೀಟರ್ ಬೇಕಿಲ್ಲ. ಗ್ಲೌಸ್ ಹಾಕಿದ ಕೈಯಲ್ಲಿ ಒಂದು ಹಿಡಿ ತಗೊಂಡು ಜೋರಾಗಿ ಹಿಚುಕಿ. ಬೆರಳ ಸಂದಿಯಲ್ಲಿ ಒಂದೆರಡು ಹನಿ ಕಾಣಿಸ್ಬೇಕು, ಕೈ ಬಿಚ್ಚಿದಾಗ ಉಂಡೆ ಉಳೀಬೇಕು, ಬೆರಳಲ್ಲಿ ತಿವಿದ್ರೆ ಒಡೀಬೇಕು. ಧಾರೆ ಸುರಿದ್ರೆ ನೀರು ಜಾಸ್ತಿ, ಉಂಡೆನೇ ಕಟ್ಟದಿದ್ರೆ ಕಮ್ಮಿ. ಶಿವರಾತ್ರಿ ಕಳೆದ ಮೇಲೆ ಬಿಸಿಲು ಏರತ್ತೆ, ಆಗ ಎರಡು ದಿನಕ್ಕೊಂದು ಸಲ ನೋಡ್ಲೇಬೇಕು.

ಕಬ್ಬಿಣದ ಸರಳು ರಾಶಿ ನಡುವೆ ಚುಚ್ಚಿ ಐದು ನಿಮಿಷ ಬಿಟ್ಟು ತೆಗೀರಿ. ಬೆಚ್ಚಗಿದ್ರೆ ಸರಿ. ಮುಟ್ಟೋಕೆ ಆಗದಷ್ಟು ಸುಟ್ರೆ ಸಗಣಿ, ಗೊಬ್ಬರ ಕೊಳೀತಾ ಇರೋ ಶಾಖ ಜಾಸ್ತಿ ಆಗಿದೆ, ಆ ಬಿಸಿಗೆ ಆಯಿಲ್ ತಿನ್ನೋವು ಸೊರಗ್ತವೆ, ಮಗುಚಿ ಸ್ವಲ್ಪ ಹರಡಿ. ಮೂಗೂ ಬಳಸಿ. ಕಣ್ಣುರಿಸೋ ಅಮೋನಿಯಾ ವಾಸನೆ ಬಂದ್ರೆ ಸಾರಜನಕ ಜಾಸ್ತಿ, ಮುಂದಿನ ಯೂರಿಯಾ ಬಿಟ್ಟು ಒಂದು ಚೀಲ ಹೊಟ್ಟು ಸೇರಿಸಿ. ಕೊಳೆತ ಮೊಟ್ಟೆ ವಾಸನೆ ಬಂದ್ರೆ ಗಾಳಿ ಇಲ್ಲ, ಅವತ್ತೇ ಮಗುಚಿ.

ಎಲ್ಲಾ ಸರಿ ಹೋಗ್ತಾ ಇದ್ರೆ ಕೆಲವು ವಾರಗಳಲ್ಲಿ ಸಲಿಕೆ ಹಾಕಿ ತೆರೆದಾಗ ಒಳಗೆ ಬೂದು ಬಿಳಿ ಎಳೆಗಳು ಹೊಟ್ಟಿನ ಸುತ್ತ ಹಬ್ಬಿರೋದು ಕಾಣತ್ತೆ, ಡೀಸೆಲ್ಲಿನ ಆ ಚುಚ್ಚೋ ವಾಸನೆ ಹಿಂದೆ ಸರಿದು ಹಸಿ ಮಣ್ಣಿನ ವಾಸನೆ ಬೆರೆತಿರತ್ತೆ. ಅಂಟಂಟಾಗಿದ್ದ ಮಣ್ಣು ಬೆರಳಲ್ಲಿ ಉದುರೋಕೆ ಶುರು ಆಗತ್ತೆ. ಖುಷಿ ಪಡಿ, ಆದ್ರೆ ಮುಗೀತು ಅನ್ಕೋಬೇಡಿ. ಡೀಸೆಲ್ಲಿನ ಹಗುರ ಭಾಗ ಗಾಳಿಗೂ ಹಾರಿ ಹೋಗಿರತ್ತೆ, ವಾಸನೆ ಹೋಯ್ತು ಅಂದ್ರೆ ಹಗುರದ್ದು ಹೋಯ್ತು ಅಂತ ಮಾತ್ರ ಅರ್ಥ.

ಹಂತ 7: ಹಠ ಮಾಡೋ ಆಯಿಲ್ಲಿಗೆ ಅಣಬೆ

ಎಂಜಿನ್ ಆಯಿಲ್ಲಿನ ದಪ್ಪ ಭಾಗ, ಅದರಲ್ಲೂ ಬಳಸಿದ ಆಯಿಲ್ಲಿನಲ್ಲಿ ಸೇರ್ಕೊಂಡಿರೋ ಪಿಎಎಚ್ ಅನ್ನೋ ಉಂಗುರದ ರಚನೆ ಇರೋ ವಸ್ತುಗಳು, ಬ್ಯಾಕ್ಟೀರಿಯಾಗೆ ಸುಲಭಕ್ಕೆ ಬಗ್ಗಲ್ಲ. ಆಯಿಸ್ಟರ್ ಅಣಬೆ ಮರಕ್ಕೆ ಗಟ್ಟಿತನ ಕೊಡೋ ಲಿಗ್ನಿನ್ ಅನ್ನೋ ವಸ್ತು ಒಡೆಯೋಕೆ ಬಿಡೋ ಲ್ಯಾಕೇಸ್ ಥರದ ಕಿಣ್ವಗಳು ಇಂಥವನ್ನೂ ಒಡೀತವೆ. ಮೂರು ತಿಂಗಳಾದ ಮೇಲೆ ರಾಶಿ ತಣ್ಣಗಾಗಿರತ್ತೆ, ಆಗ ಅಣಬೆ ಬೆಳೆಯೋರ ಹತ್ರ ಫಸಲು ಮುಗಿದ ಚೀಲಗಳನ್ನ ಕೇಳಿ ತನ್ನಿ, ಸಾಮಾನ್ಯವಾಗಿ ಬಿಸಾಕೋದೇ. ಬಿಳಿ ಬಲೆ ಇನ್ನೂ ಜೀವಂತ ಇರೋ ಹುಲ್ಲನ್ನ ಬಿಡಿಸಿ ಪದರ ಪದರವಾಗಿ ಹಾಕಿ, ಆಮೇಲೆ ತಿಂಗಳು ಪೂರ್ತಿ ಮಗುಚಬೇಡಿ, ಬಲೆ ಹರಿದ್ರೆ ಅದು ಕೆಲಸ ನಿಲ್ಸತ್ತೆ. ಹತ್ತಿರ ಯಾರೂ ಬೆಳೆಯಲ್ಲ ಅಂದ್ರೆ ಬೆಂಗಳೂರು ಹತ್ರ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಐಐಎಚ್‌ಆರ್‌ನಲ್ಲಿ ಅಣಬೆ ಬೀಜ ಸಿಗತ್ತೆ, ಭತ್ತದ ಹುಲ್ಲಲ್ಲಿ ನೀವೇ ಬೆಳೆಸ್ಕೋಬಹುದು. ರಾಶಿ ಮೇಲೆ ಅಣಬೆ ಎದ್ರೆ ಯಾರೂ ತಿನ್ನಬಾರದು, ಮಕ್ಕಳಿಗೂ ಹೇಳಿಡಿ, ಲೋಹ ಅದರೊಳಗೆ ಸೇರಿರತ್ತೆ.

ಎಂಜಿನ್ ಆಯಿಲ್ ರಾಶಿಗೆ ಆರು ತಿಂಗಳಿಂದ ವರ್ಷ, ಕೆಲವೊಮ್ಮೆ ಅದಕ್ಕಿಂತಲೂ ಜಾಸ್ತಿ ಹಿಡಿಯತ್ತೆ, ಮಳೆಗಾಲ ನಡುವೆ ಬಂದೇ ಬರತ್ತೆ, ಟಾರ್ಪಾಲ್ ಗಟ್ಟಿಯಾಗಿ ಕಟ್ಟಿ ಬದಿಗಳಲ್ಲಿ ಗಾಳಿಗೆ ಜಾಗ ಬಿಡಿ.

ಹಂತ 8: ಮುಗಿದಿದೆಯಾ ಅಂತ ನೋಡೋದು

ಮನೆಯಲ್ಲೇ ಮಾಡೋಕಾಗೋದು ಕೆಲವು ಇವೆ. ಗಾಜಿನ ಲೋಟಕ್ಕೆ ಎರಡು ಚಮಚ ಮಣ್ಣು ಹಾಕಿ ನೀರು ತುಂಬಿ ಅಲ್ಲಾಡಿಸಿ ಒಂದು ಗಂಟೆ ಇಡಿ, ಮೇಲೆ ಬಣ್ಣದ ಪೊರೆ ಬಂದ್ರೆ ಇನ್ನೂ ಬಾಕಿ ಇದೆ. ಎರಡನೇದು ಮೊಳಕೆ ಟೆಸ್ಟ್: ಒಂದು ತಟ್ಟೆ ಒಳ್ಳೆ ಮಣ್ಣು, ಒಂದು ತಟ್ಟೆ ರಾಶಿ ಮಣ್ಣು, ಎರಡರಲ್ಲೂ 20 ಮೆಂತ್ಯ, 20 ರಾಗಿ ಕಾಳು ಹಾಕಿ ವಾರ ಬಿಟ್ಟು ಎಣಿಸಿ, ಬರೀ ಮೊಳಕೆ ಲೆಕ್ಕ ಸಾಲದು, ಕಿತ್ತು ಬೇರಿನ ಉದ್ದಾನೂ ನೋಡಿ, ಆಯಿಲ್ ಉಳಿದಿದ್ರೆ ಕಾಳು ಮೊಳೆತರೂ ಬೇರು ಮೊಂಡಾಗಿರತ್ತೆ. ಮೂರನೇದು ಎರೆಹುಳ: ಡಬ್ಬಿಯಲ್ಲಿ ಅರ್ಧ ಒಳ್ಳೆ ಮಣ್ಣು, ಅರ್ಧ ರಾಶಿ ಮಣ್ಣು ಹಾಕಿ ನಡುವೆ ಹತ್ತು ಹುಳ ಬಿಟ್ಟು 48 ಗಂಟೆ ಬಿಡಿ. ಎಲ್ಲಾ ಒಳ್ಳೆ ಮಣ್ಣಿನ ಕಡೆಗೇ ಹೋಗಿದ್ರೆ ಉತ್ತರ ಸಿಕ್ತು.

ಕೊನೇಗೆ ಲ್ಯಾಬ್. ಇಲ್ಲೊಂದು ಸೂಕ್ಷ್ಮ ಇದೆ, ನಾವು ಸಗಣಿ, ಹೊಟ್ಟು ಹಾಕಿದೀವಲ್ಲ, ಅದರಲ್ಲೂ ಸಸ್ಯದ ಮೇಣ, ಕೊಬ್ಬು ಇರತ್ತೆ, ಕೆಲವು ಟೆಸ್ಟು ಅದನ್ನೂ ಆಯಿಲ್ ಅಂತಲೇ ಲೆಕ್ಕ ಹಾಕ್ತವೆ. ಸಿಲಿಕಾ ಜೆಲ್ ಕ್ಲೀನಪ್ ಮಾಡಿ, ಅಂದ್ರೆ ಆ ಮೇಣ, ಕೊಬ್ಬು ಬೇರೆ ಮಾಡಿ, ಟಿಪಿಎಚ್ ನೋಡಿ ಅಂತ ಲ್ಯಾಬಿನವರಿಗೆ ಮೊದಲೇ ಹೇಳಿ, ಇಲ್ಲಾಂದ್ರೆ ರಿಪೋರ್ಟ್ ನೋಡಿ ನಿಮಗೇ ಬೇಜಾರಾಗತ್ತೆ.

ಆ ಮಣ್ಣು ಎಲ್ಲಿಗೆ

ತರಕಾರಿ ಮಡಿಗೆ ಬೇಡ, ಸೊಪ್ಪಿಗಂತೂ ಬೇಡವೇ ಬೇಡ. ಗೊಬ್ಬರ ಅಂತ ಹೇಳಿ ಯಾರಿಗಾದ್ರೂ ಮಾರೋದು ಮೋಸ. ಲೋಹದ ರಿಪೋರ್ಟ್ ಸರಿ ಇದ್ದು, ಟಿಪಿಎಚ್ ಇಳಿದಿದ್ರೆ ತೆಗೆದ ಗುಂಡಿಗೇ ವಾಪಸ್ ಹಾಕಿ ಮೇಲೆ ಲಾವಂಚ ಅಥವಾ ಗರಿಕೆ ಹಾಕಿ, ಬೇರಿನ ಸುತ್ತ ಸೂಕ್ಷ್ಮಜೀವಿಗಳು ಜಾಸ್ತಿ ಇರೋದ್ರಿಂದ ಉಳಿದ ಚೂರುಪಾರು ಇನ್ನೂ ಕರಗ್ತಾ ಹೋಗತ್ತೆ. ದನ ಮೇಯೋಕೆ ಬಿಡಬೇಡಿ. ಲೋಹ ಜಾಸ್ತಿ ಬಂದಿದ್ರೆ ಆ ಮಣ್ಣು ನಮ್ಮ ಕೈಯದ್ದಲ್ಲ, ಮಂಡಳಿ ಹೇಳಿದ ಕಡೆ ಹೋಗಬೇಕು.

ಆಯಿಲ್ ಮೆತ್ತಿರೋ ಸಿಲ್ಪಾಲಿನ್, ಗ್ಲೌಸ್ ಎಲ್ಲಾ ಗುಡ್ಡೆ ಹಾಕಿ ಬೆಂಕಿ ಇಡಬೇಡಿ, ಮೊದಲ ಹಂತದ ಡ್ರಮ್ಮಿನ ಜೊತೆಗೇ ಕೊಟ್ಟು ಕಳಿಸಿ. ಪೈಪುಗಳನ್ನ ಸಗಣಿ ಬಗ್ಗಡದಲ್ಲಿ ಉಜ್ಜಿ, ಆ ನೀರನ್ನ ಮುಂದಿನ ರಾಶಿಗೆ ಹಾಕಿ, ಚರಂಡಿಗಲ್ಲ. ಟ್ರ್ಯಾಕ್ಟರ್ ಮತ್ತೆ ಅದೇ ಜಾಗಕ್ಕೆ ತರೋಕೆ ಮುಂಚೆ ಕೆಳಗೆ ಒಂದು ತಗಡಿನ ಟ್ರೇ ಇಟ್ಟು ಅದರಲ್ಲಿ ಎರಡು ಇಂಚು ಭತ್ತದ ಹೊಟ್ಟು ಹರಡಿ, ಕಪ್ಪಾದಾಗೆಲ್ಲ ಬದಲಾಯಿಸಿ.